ಬೆಚ್ಚನೆಯ ಮಳೆಗೆ ಕಾಲುವೆಯ ಮೀನು

ಇಂಗ್ಲೆಂಡಿನ ನದಿಗಳಲ್ಲಿ ಗಾಳ ಹಾಕುವವರಿಗೆ ಮಾರ್ಚ್ 14 ಕಡೆಯ ದಿನ. ಮರುದಿನದಿಂದ ಜೂನ್ 15 ಮುಗಿಯುವವರೆಗೆ ರೋಚ್, ಬ್ರೀಮ್, ಚಬ್, ಪರ್ಚ್‌ನಂಥ ಮೀನುಗಳಿಗೆ ನದಿಯಲ್ಲಿ ಗಾಳ ಇಳಿಸುವಂತಿಲ್ಲ. ಅವು ಮೊಟ್ಟೆಯಿಡುವ ಕಾಲ ಅದೆಂದು ಕಾನೂನಿನ ಲೆಕ್ಕ. ಬಹುಪಾಲು ಕಾಲುವೆಗಳಿಗೆ ಈ ನಿರ್ಬಂಧವಿಲ್ಲ. ಹಾಗಾಗಿ ವಸಂತ ಕಾಲಿಟ್ಟಿತೆಂದರೆ ಬರ್ಮಿಂಗ್‌ಹ್ಯಾಮ್, ಮ್ಯಾಂಚೆಸ್ಟರ್, ಲೀಡ್ಸ್, ಲಂಡನ್ನಿನ ಅಂಚಿನ ಕಾಲುವೆ ದಂಡೆಗಳಲ್ಲಿ ಗಾಳದ ಕೋಲುಗಳು ಸಾಲುಗಟ್ಟುತ್ತವೆ. ಆ ವಸಂತ ಬೆಚ್ಚಗಿದ್ದು ಮಳೆಯೂ ಬಿಡದೆ ಸುರಿಯುತ್ತಿದ್ದರೆ ಗಾಳದವರಿಗೆ ಸುಗ್ಗಿ. 2024ರ ವಸಂತ ಅಂಥದು. ಬ್ರಿಟನ್ನಿನ ದಾಖಲೆಗಳಲ್ಲಿ ಅಲ್ಲಿಯವರೆಗಿನ ಅತಿ ಬೆಚ್ಚನೆಯ ವಸಂತ ಅದು. 1986ರ ಬಳಿಕ ಅಷ್ಟು ಮಳೆ ಕಂಡ ವಸಂತವೂ ಇರಲಿಲ್ಲ. ಅದಕ್ಕೆ ಮುಂಚೆ, 2022ರ ಅಕ್ಟೋಬರ್‌ನಿಂದ 2024ರ ಮಾರ್ಚ್‌ವರೆಗಿನ ಹದಿನೆಂಟು ತಿಂಗಳಲ್ಲಿ ಇಂಗ್ಲೆಂಡಿನ ಮೇಲೆ ಸುರಿದಷ್ಟು ಮಳೆ, 1836ರಿಂದ ಇಟ್ಟಿರುವ ಲೆಕ್ಕದಲ್ಲಿ ಬೇರಾವ ಹದಿನೆಂಟು ತಿಂಗಳಲ್ಲೂ ಸುರಿದಿಲ್ಲ. ಇಂಥ ಹವೆ ರೋಚ್ ಮೀನನ್ನು ಗಾಳಕ್ಕೆ ಸುಲಭದ ತುತ್ತಾಗಿಸುತ್ತದೆ. ಅದೇ ಹವೆ ಆ ಮೀನಿನ ಮೊಟ್ಟೆಯಿಡುವ ದಿನವನ್ನೂ ಬೇಗ ತರುತ್ತದೆ. ಈ ಎರಡು ಸಂಗತಿಗಳನ್ನು ಜೊತೆಗಿಟ್ಟು ನೋಡಿದರೆ, ಗಾಳ ಯಾವಾಗ ಇಳಿಸಬೇಕು, ಯಾವಾಗ ಎತ್ತಿಡಬೇಕು ಎಂಬುದನ್ನು ಹೇಳಲು ಕ್ಯಾಲೆಂಡರಿಗಿಂತ ನೀರಿನ ಉಷ್ಣಾಂಶಕ್ಕೇ ಹೆಚ್ಚು ಅಧಿಕಾರವಿದೆ ಎಂಬುದು ನನ್ನ ವಾದ.

ರೋಚ್ ನಮ್ಮ ರೋಹು, ಕಾಟ್ಲಾಗಳಿಗೆ ದೂರದ ನೆಂಟ. ಎಲ್ಲವೂ ಗೆಂಡೆ ಮೀನಿನ ಬಳಗಕ್ಕೆ ಸೇರಿದವು. ಗಾತ್ರದಲ್ಲಿ ಮಾತ್ರ ಹೋಲಿಕೆಯೇ ಇಲ್ಲ. ಕಾಲುವೆಯಲ್ಲಿ ಸಿಗುವ ರೋಚ್‌ಗಳಲ್ಲಿ ಹೆಚ್ಚಿನವು ಅಂಗೈಯಷ್ಟೂ ಇರುವುದಿಲ್ಲ. ಅರ್ಧ ಕಿಲೋ ತೂಗಿದರೆ ಅದು ದೊಡ್ಡ ಮೀನು. ಒಂದು ಕಿಲೋ ಹತ್ತಿರಕ್ಕೆ ಬಂದರೆ ಹಿಡಿದವರು ಬದುಕಿಡೀ ನೆನೆಯುವ ಮೀನು. ಬೆಳ್ಳಿಯ ಮೈ, ಬೆನ್ನಿಗೆ ನೀಲಿ ಛಾಯೆ, ಕೆಂಪು ಕಣ್ಣು, ಕಿತ್ತಳೆಗೆಂಪಿನ ರೆಕ್ಕೆಗಳು. ಇಂದು ಇಂಗ್ಲೆಂಡಿನಲ್ಲಿ ಇದನ್ನು ತಿನ್ನಲೆಂದು ಹಿಡಿಯುವವರು ಕಡಿಮೆ. ಹಿಡಿದು, ತೂಗಿ, ಮತ್ತೆ ನೀರಿಗೇ ಬಿಡುತ್ತಾರೆ. ಹಾಗಾದರೆ ಹಿಡಿಯುವುದೇಕೆ ಎಂದು ನಮ್ಮಲ್ಲಿ ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಉತ್ತರ ಆ ದೇಶದ ಸಾಮಾಜಿಕ ಚರಿತ್ರೆಯಲ್ಲಿದೆ. ಸಾಲ್ಮನ್, ಟ್ರೌಟ್ ಇರುವ ನದಿಗಳ ಹಕ್ಕು ಬಹುಮಟ್ಟಿಗೆ ಜಮೀನ್ದಾರರ ಕೈಯಲ್ಲಿತ್ತು. ಗಿರಣಿ, ಗಣಿ, ಕುಲುಮೆಗಳಲ್ಲಿ ದುಡಿಯುವವರಿಗೆ ಊರ ನಡುವೆಯೇ ಹಾದುಹೋಗುವ ಕಾಲುವೆ ಸಿಕ್ಕಿತು, ಅದರಲ್ಲಿ ರೋಚ್ ಸಿಕ್ಕಿತು. ರಜೆಯ ಒಂದು ದಿನ, ಒಂದು ಕೋಲು, ಒಂದು ಹಿಡಿ ಹುಳು. ದುಬಾರಿ ನೀರಿನ ಹಕ್ಕಿಲ್ಲದವರು ತಮ್ಮ ಜಾಣ್ಮೆಯಿಂದ ಕಟ್ಟಿಕೊಂಡ ವಿದ್ಯೆ ಇದು. ಇದರ ಬಗ್ಗೆ ನನಗೆ ಗೌರವವಿದೆ, ಮುಂದೆ ಹೇಳುವ ಆಕ್ಷೇಪಗಳೂ ಆ ಗೌರವದಿಂದಲೇ ಹುಟ್ಟಿದವು.

ಕಾಲುವೆ ಎಂದಾಗ ನಮ್ಮ ಕಣ್ಣಿಗೆ ಬರುವುದು ವಿಶ್ವೇಶ್ವರಯ್ಯ ನಾಲೆಯಂಥ, ಗದ್ದೆಗೆ ನೀರು ಒಯ್ಯುವ ಹರಿವು. ಇಂಗ್ಲೆಂಡಿನ ಕಾಲುವೆಗಳ ಕಥೆ ಬೇರೆ. ಅವು ದೋಣಿಯಲ್ಲಿ ಸರಕು ಸಾಗಿಸಲು ತೋಡಿದವು. ವರ್ಸ್ಲಿಯ ಗಣಿಗಳಿಂದ ಮ್ಯಾಂಚೆಸ್ಟರಿನತ್ತ ಕಲ್ಲಿದ್ದಲು ತರಲು ಕಟ್ಟಿದ ಬ್ರಿಡ್ಜ್‌ವಾಟರ್ ಕಾಲುವೆ 1761ರಲ್ಲಿ ತೆರೆದುಕೊಂಡಿತು. ಪೆನ್ನೈನ್ ಬೆಟ್ಟಸಾಲನ್ನು ದಾಟುವ, 127 ಮೈಲಿ ಉದ್ದದ ಲೀಡ್ಸ್–ಲಿವರ್‌ಪೂಲ್ ಕಾಲುವೆ ಪೂರ್ತಿಯಾದದ್ದು 1816ರಲ್ಲಿ. ರೈಲು ಬಂದ ಮೇಲೆ ಸರಕು ಸಾಗಣೆ ಸೊರಗಿತು, ನೀರು ಉಳಿಯಿತು. ಈಗ ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು 2,000 ಮೈಲಿ ಜಲಮಾರ್ಗವನ್ನು 2012ರಲ್ಲಿ ರಚನೆಯಾದ ಕೆನಾಲ್ ಅಂಡ್ ರಿವರ್ ಟ್ರಸ್ಟ್ ನೋಡಿಕೊಳ್ಳುತ್ತಿದೆ. ಇಲ್ಲಿ ನೀರು ಹರಿಯುವುದಕ್ಕಿಂತ ನಿಂತಿರುವುದೇ ಹೆಚ್ಚು. ದೋಣಿಯನ್ನು ಮೇಲಿನ ಮಟ್ಟಕ್ಕೆ ಏರಿಸುವ, ಕೆಳಗಿನ ಮಟ್ಟಕ್ಕೆ ಇಳಿಸುವ ಕದದ ತೊಟ್ಟಿಯೇ ಲಾಕ್. ಎರಡು ಲಾಕ್‌ಗಳ ನಡುವಿನ ಪ್ರತಿ ಭಾಗವೂ ಸಪಾಟಾದ, ಉದ್ದನೆಯ, ಆಳವಿಲ್ಲದ ಒಂದು ಕೆರೆ. ದೋಣಿ ಸಾಗುವ ನಡುಭಾಗದಲ್ಲಿ ಒಂದೂಕಾಲು ಮೀಟರ್ ಆಸುಪಾಸಿನ ಆಳ, ಎರಡೂ ಬದಿಗೆ ಹೂಳು ತುಂಬಿದ ಮೆಟ್ಟಿಲು. ಎತ್ತರದ ಭಾಗಗಳಿಗೆ ನೀರುಣಿಸಲು ಪ್ರತ್ಯೇಕ ಜಲಾಶಯಗಳಿವೆ. ಲಂಡನ್ನಿನಿಂದ ಬರ್ಮಿಂಗ್‌ಹ್ಯಾಮಿಗೆ ಹೋಗುವ ಗ್ರ್ಯಾಂಡ್ ಯೂನಿಯನ್ ಕಾಲುವೆಗೆ ಟ್ರಿಂಗ್ ಊರಿನ ಬಳಿಯ ಜಲಾಶಯಗಳು ಹಾಗೆ ನೆರವಾಗುತ್ತವೆ. ನೀರು ಹೆಚ್ಚಾದರೆ ಕೋಡಿಯ ಮೇಲೆ ಹರಿದು ಪಕ್ಕದ ಹಳ್ಳ ಸೇರುತ್ತದೆ, ಇಲ್ಲವೇ ತೂಬು ಎತ್ತಿ ಬಿಡುತ್ತಾರೆ. ಮಿಲ್ಟನ್ ಕೀನ್ಸ್, ರೆಡಿಂಗ್‌ನಂಥ ಊರುಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಇಂಥ ದಂಡೆಗಳು ಸಂಜೆಯ ನಡಿಗೆಯ ಪರಿಚಿತ ದಾರಿ.

ಈ ರಚನೆ ಗೊತ್ತಿದ್ದರೆ ಮಳೆಯ ವಸಂತದಲ್ಲಿ ಕಾಲುವೆ ಏಕೆ ಅಷ್ಟು ಅನುಕೂಲ ಎಂಬುದು ತಾನಾಗಿ ತಿಳಿಯುತ್ತದೆ. ಅದೇ ಮಳೆಗೆ ನದಿ ಉಕ್ಕಿ ದಡ ಮೀರುತ್ತದೆ, ಮೀನುಗಳು ಸೆಳೆತಕ್ಕೆ ಸಿಗದಂತೆ ಮೂಲೆ ಸೇರುತ್ತವೆ. ಕಾಲುವೆಯ ಮಟ್ಟ ಕೋಡಿಯ ದಯೆಯಿಂದ ಕೆಲವೇ ಅಂಗುಲ ಏರುತ್ತದೆ. ನೀರಿನ ಬಣ್ಣ ಮಾತ್ರ ಬದಲಾಗುತ್ತದೆ. ಚಳಿಗಾಲದಲ್ಲಿ ದೋಣಿಗಳ ಓಡಾಟ ಕಡಿಮೆ. ಹೂಳು ತಳ ಸೇರಿ ನೀರು ತಿಳಿಯಾಗಿರುತ್ತದೆ. ತಿಳಿನೀರಿನಲ್ಲಿ ಬೇಟೆಗಾರ ಪೈಕ್ ಮೀನಿನ ಕಣ್ಣಿಗೆ ರೋಚ್ ಸುಲಭವಾಗಿ ಬೀಳುತ್ತದೆ. ಹಾಗಾಗಿ ಹಗಲೆಲ್ಲ ಸೇತುವೆಯ ಕೆಳಗೆ, ಕಟ್ಟಿ ನಿಲ್ಲಿಸಿದ ದೋಣಿಗಳ ನೆರಳಲ್ಲಿ ಗುಂಪುಗೂಡಿ, ಮುಸ್ಸಂಜೆಗೆ ಮಾತ್ರ ತುಸು ಮೇಯುತ್ತದೆ. ಮಳೆ ಬಿದ್ದು ಹೊಲ ರಸ್ತೆಗಳ ನೀರು ಸೇರಿದಾಗ, ಈಸ್ಟರ್ ಹೊತ್ತಿಗೆ ದೋಣಿಗಳೂ ಓಡಾಡಿ ಹೂಳು ಕದಡಿದಾಗ, ಕಾಲುವೆಗೆ ಹಾಲು ಬೆರೆತ ಚಹಾದ ಬಣ್ಣ ಬರುತ್ತದೆ. ಆ ಬಗ್ಗಡವೇ ರೋಚ್‌ಗೆ ಮರೆ. ಮೇಲೆ ಮೋಡ ಕವಿದಿದ್ದರೆ ಇನ್ನೂ ಧೈರ್ಯ. ನಡುಹಗಲಲ್ಲೂ ನಡುವಿನ ಆಳಕ್ಕೆ ಬಂದು ಮೇಯುತ್ತದೆ. ಲಾಕ್ ತೆರೆದಾಗಲೆಲ್ಲ ನೀರು ಕೆಲವು ನಿಮಿಷ ಮೆಲ್ಲನೆ ಎಳೆಯುತ್ತದೆ; ಆ ಎಳೆತಕ್ಕೆ ತಳದ ಆಹಾರ ಕದಲಿದೊಡನೆ ಅಷ್ಟು ಹೊತ್ತು ಅಲುಗಾಡದ ಬೆಂಡು ಮುಳುಗತೊಡಗುವುದನ್ನು ಕಾಲುವೆಯ ಗಾಳದವರೆಲ್ಲ ಬಲ್ಲರು. ಮೋಡಕ್ಕೆ ಇನ್ನೊಂದು ಗುಣವಿದೆ. ರಾತ್ರಿ ಆಕಾಶ ತಿಳಿಯಾಗಿದ್ದರೆ ಹಗಲು ಕಾದ ನೀರು ಬೆಳಗಾಗುವುದರೊಳಗೆ ತಣಿಯುತ್ತದೆ, ಮೋಡವಿದ್ದರೆ ಆ ಶಾಖ ಉಳಿಯುತ್ತದೆ. 2024ರ ವಸಂತದ ದಾಖಲೆಗೆ ಬೆಚ್ಚನೆಯ ರಾತ್ರಿಗಳ ಪಾಲು ದೊಡ್ಡದಿತ್ತು. ಮೀಟರಿನಷ್ಟೇ ಆಳದ ನಿಂತ ನೀರಿಗೆ ಅಂಥ ರಾತ್ರಿಗಳ ಪರಿಣಾಮ ಬೇಗ ತಟ್ಟುತ್ತದೆ.

ಮಳೆಗಳೆಲ್ಲ ಒಂದೇ ಅಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ನೈಋತ್ಯದಿಂದ, ಅಟ್ಲಾಂಟಿಕ್ ಕಡೆಯಿಂದ ಬರುವ ಮಳೆ ಬೆಚ್ಚಗಿರುತ್ತದೆ. ಉತ್ತರದ ಗಾಳಿ ಹೊತ್ತು ತರುವ ಏಪ್ರಿಲ್ ಆಲಿಕಲ್ಲು ಒಂದೇ ದಿನದಲ್ಲಿ ಮೀನಿನ ಹಸಿವನ್ನು ಅಡಗಿಸಬಲ್ಲದು. ಒಣಹವೆಯ ಬಳಿಕದ ಮೊದಲ ದೊಡ್ಡ ಮಳೆ ರಸ್ತೆಯ ಎಣ್ಣೆ, ಹೊಲದ ಗೊಬ್ಬರ, ಕೆಲವೆಡೆ ತುಂಬಿ ಹೊರಚೆಲ್ಲುವ ಚರಂಡಿ ನೀರನ್ನೂ ಕಾಲುವೆಗೆ ತರುತ್ತದೆ, ನೀರಿನ ಆಮ್ಲಜನಕ ಇಳಿಯುತ್ತದೆ. ಗ್ರ್ಯಾಂಡ್ ಯೂನಿಯನ್ ಕಾಲುವೆ ಗೇಡ್, ಬಲ್ಬೋರ್ನ್‌ನಂಥ ನದಿಗಳೊಂದಿಗೆ ಬೆರೆಯುವ ಕಡೆ ಕಾಲುವೆಯೂ ನದಿಯಂತೆಯೇ ಉಕ್ಕಿ ಹರಿಯುತ್ತದೆ. ಹಾಗಾಗಿ ಅನುಕೂಲವೆಂದು ನಾನು ಹೇಳುತ್ತಿರುವುದು ಲಾಕ್‌ಗಳ ನಡುವೆ ಬಂದಿಯಾದ, ನದಿಯ ಸಂಪರ್ಕವಿಲ್ಲದ ನೀರಿಗೆ, ಪದೇ ಪದೇ ಬೀಳುವ ಬೆಚ್ಚನೆಯ ಮಳೆಗೆ.

ಬಣ್ಣ ಬದಲಾದಂತೆ ಗಾಳಕ್ಕೆ ಸಿಕ್ಕಿಸುವ ಎರೆಯೂ ಬದಲಾಗುತ್ತದೆ. ತಣ್ಣಗಿನ ತಿಳಿನೀರಿಗೆ ಬ್ರೆಡ್ಡು. ಬಿಳಿ ಬ್ರೆಡ್ಡಿನ ಹಾಳೆಯನ್ನು ಒತ್ತಿ, ಸಣ್ಣ ಕೊಳವೆಯಿಂದ ಸಾಸಿವೆಗಿಂತ ತುಸು ದೊಡ್ಡ ಬಿಲ್ಲೆಗಳನ್ನು ಕತ್ತರಿಸುತ್ತಾರೆ. ನೀರಿನಲ್ಲಿ ಅದು ಉಬ್ಬಿ, ಬೆಳ್ಳಗೆ, ನಿಧಾನ ಇಳಿಯುತ್ತದೆ. ರೋಚ್ ಅದನ್ನು ಕಣ್ಣಿಂದ ಕಂಡೇ ಬರುತ್ತದೆ. ನೀರು ಬಗ್ಗಡವಾದ ಮೇಲೆ ಕಣ್ಣಿಗಿಂತ ವಾಸನೆ ಮುಖ್ಯ. ಆಗ ನೊಣದ ಮರಿಹುಳು, ಅದು ಗೂಡುಕಟ್ಟಿದ ಕಂದು ಕೋಶ, ಕತ್ತರಿಸಿದ ಎರೆಹುಳು. ದಾರ ಕೂದಲೆಳೆಯಷ್ಟು ತೆಳು, ಕೊಕ್ಕೆ ಅಕ್ಕಿಕಾಳಿಗಿಂತ ಚಿಕ್ಕದು, ಹತ್ತು ಹನ್ನೊಂದು ಮೀಟರ್ ಉದ್ದದ ಇಂಗಾಲದ ನಾರಿನ ಕೋಲಿನ ತುದಿಯಲ್ಲಿ ಬೆಂಡು. ಬೆಂಡಿನ ತೂಕಕ್ಕೆ ಹಿಂದೆ ಸೀಸದ ಗುಂಡು ಕಟ್ಟುತ್ತಿದ್ದರು. ಚೆಲ್ಲಿದ ಗುಂಡುಗಳನ್ನು ನುಂಗಿ ಹಂಸಗಳು ಸಾಯುತ್ತಿವೆ ಎಂದು ಸಾಬೀತಾದಾಗ 1987ರಲ್ಲಿ ಅಂಥ ಸೀಸಕ್ಕೆ ನಿಷೇಧ ಬಂತು. ಅಂದು ಗೊಣಗಿದವರಿದ್ದರು, ಇಂದು ಬೇರೆ ಲೋಹದ ಗುಂಡು ಕಟ್ಟಿ ಯಾರೂ ಏನೂ ಕಳೆದುಕೊಂಡಿಲ್ಲ. ಗಾಳದವರು ಪುರಾವೆಗೆ ತಕ್ಕಂತೆ ಅಭ್ಯಾಸ ಬದಲಿಸಬಲ್ಲರು ಎಂಬುದಕ್ಕೆ ಈ ಸಂಗತಿ ಸಾಕ್ಷಿ.

ಈಗ ನಾಣ್ಯದ ಇನ್ನೊಂದು ಮುಖ. ರೋಚ್ ಮೊಟ್ಟೆಯಿಡುವುದು ತಾರೀಕು ನೋಡಿಕೊಂಡಲ್ಲ. ಹಗಲು ಉದ್ದವಾದಂತೆ ದೇಹ ಸಿದ್ಧವಾಗುತ್ತದೆ, ಆದರೆ ಕಡೆಯ ಸೂಚನೆ ಕೊಡುವುದು ನೀರಿನ ಉಷ್ಣಾಂಶ. 12 ಡಿಗ್ರಿ ಸೆಲ್ಸಿಯಸ್ ದಾಟಿದ ನೀರು ಕೆಲವು ದಿನ ಹಾಗೇ ನಿಂತರೆ ಗುಂಪುಗಳು ದಂಡೆಯ ಜೊಂಡಿಗೆ, ನೀರಿಗಿಳಿದ ವಿಲ್ಲೋ ಮರದ ಬೇರಿಗೆ, ಹಳೆಯ ದೋಣಿಗಳ ತಳದ ಪಾಚಿಗೆ ಸರಿಯುತ್ತವೆ. ಗಂಡುಗಳ ತಲೆ ಮತ್ತು ಮೈಮೇಲೆ ಬಿಳಿಯ ಸಣ್ಣ ಗುಳ್ಳೆಗಳೇಳುತ್ತವೆ, ಮುಟ್ಟಿದರೆ ಮರಳುಕಾಗದದ ಒರಟು. ಹೆಣ್ಣು ಗಾತ್ರಕ್ಕೆ ತಕ್ಕಂತೆ ಕೆಲವು ಸಾವಿರದಿಂದ ಒಂದು ಲಕ್ಷದವರೆಗೆ ಅಂಟು ಮೊಟ್ಟೆಗಳನ್ನು ಇಡುತ್ತದೆ. ಒಂದೆರಡು ವಾರಕ್ಕೆ ಮರಿಗಳು. ಮರಿಗಳ ಬದುಕೂ ಶಾಖವನ್ನೇ ನಂಬಿದೆ. ಒಂದು ವರ್ಷದ ಮರಿಗಳಲ್ಲಿ ಎಷ್ಟು ಉಳಿದವು ಎಂಬುದನ್ನು ಅಳೆಯುವ ವಿಜ್ಞಾನಿಗಳು ಆ ಬೇಸಿಗೆಯಲ್ಲಿ ನೀರು 12 ಡಿಗ್ರಿಗಿಂತ ಎಷ್ಟು ದಿನ, ಎಷ್ಟು ಮೇಲಿತ್ತೆಂಬುದನ್ನು ಕೂಡಿಸಿ ನೋಡುತ್ತಾರೆ. ಬೇಗ ಹುಟ್ಟಿ ಬೆಚ್ಚಗೆ ಬೆಳೆದ ಮರಿ ಚಳಿಗಾಲದ ಹೊತ್ತಿಗೆ ದೊಡ್ಡದಾಗಿರುತ್ತದೆ, ದೊಡ್ಡದು ಉಳಿಯುತ್ತದೆ. ನದಿಯಲ್ಲಿ ಈ ಲಾಭವನ್ನು ಬೇಸಿಗೆಯ ಒಂದು ನೆರೆ ಕೊಚ್ಚಿಕೊಂಡು ಹೋಗಬಹುದು. ಕಾಲುವೆಯಲ್ಲಿ ನೆರೆಯ ಭಯ ಕಡಿಮೆ. ಅಲ್ಲಿ ಸಣ್ಣ ರೋಚ್‌ಗಳು ಅಷ್ಟು ದಟ್ಟವಾಗಿರಲು ಇದೂ ಒಂದು ಕಾರಣ.

ಶಾಖ ಮತ್ತು ಮಳೆ ಎರಡೂ ಕೂಡಿ ಬಂದ ವರ್ಷದಲ್ಲಿ ಯಾವುದರ ಪಾಲು ಎಷ್ಟೆಂದು ಬಿಡಿಸುವುದು ಕಷ್ಟ. ಅದಕ್ಕೆ 2025ನ್ನು ಪಕ್ಕದಲ್ಲಿಡಬೇಕು. ಆ ವಸಂತ ಹಿಂದಿನ ವರ್ಷದ ದಾಖಲೆಯನ್ನೂ ಮುರಿದು ಇನ್ನಷ್ಟು ಬೆಚ್ಚಗಿತ್ತು, ಆದರೆ ಐವತ್ತು ವರ್ಷಗಳಲ್ಲೇ ಕಾಣದಷ್ಟು ಒಣಗಿತ್ತು. ಜಲಾಶಯಗಳು ಇಳಿದು, ಮೇ ತಿಂಗಳಲ್ಲೇ ಲೀಡ್ಸ್–ಲಿವರ್‌ಪೂಲ್ ಕಾಲುವೆಯ ಕೆಲವು ಭಾಗಗಳನ್ನು ದೋಣಿಗಳಿಗೆ ಮುಚ್ಚಬೇಕಾಯಿತು. ಮೊಟ್ಟೆಯಿಡುವಿಕೆಯನ್ನು ಬೇಗ ತರಬಲ್ಲ ಶಾಖ ಎರಡೂ ವರ್ಷ ಇತ್ತು. ಗಾಳದವರಿಗೆ ನೆರವಾಗುವ ಬಗ್ಗಡ, ಮೋಡ, ಎಳೆತ ಮಳೆಯ ವರ್ಷದ ಸೊತ್ತು. ಒಣ ವಸಂತದಲ್ಲಿ ತಿಳಿನೀರು, ಬಿಸಿಲು, ನಿಂತ ದೋಣಿಗಳು ಸೇರಿ ಮೀನಿಗೆ ತಾವೇ ಒಂದಿಷ್ಟು ರಕ್ಷಣೆ ಕೊಡುತ್ತವೆ. ಮಳೆಯ ವಸಂತದಲ್ಲಿ ಆ ರಕ್ಷಣೆಯೂ ಇಲ್ಲ. ಮೊಟ್ಟೆ ತುಂಬಿದ ಹೆಣ್ಣು ಹೊಟ್ಟೆಬಾಕತನದಿಂದ ಮೇಯುವ ದಿನಗಳಲ್ಲೇ ನೀರು ಅದರ ಎಚ್ಚರವನ್ನು ಕಳೆಯುತ್ತದೆ. ನನ್ನ ಆತಂಕ ಮಳೆಯ ವಸಂತದ ಮೇಲೆಯೇ ಕೇಂದ್ರೀಕರಿಸಿರುವುದು ಇದಕ್ಕಾಗಿ.

ಕಾನೂನು ಈ ವಿಷಯದಲ್ಲಿ ಎರಡು ತುದಿಗಳಲ್ಲಿ ನಿಂತಿದೆ. 1878ರಲ್ಲಿ ಶೆಫೀಲ್ಡಿನ ಸಂಸದ ಎ. ಜೆ. ಮುಂಡೆಲ್ಲಾ ಮುಂದಿಟ್ಟ ಸಿಹಿನೀರಿನ ಮೀನುಗಾರಿಕೆ ಕಾಯ್ದೆ ಮಾರ್ಚ್ 15ರಿಂದ ಜೂನ್ 15ರವರೆಗಿನ ರಜೆಯನ್ನು ತಂದಿತು. ಶೆಫೀಲ್ಡ್ ಕುಲುಮೆ ಕಾರ್ಮಿಕರ ಊರು, ಗಾಳದವರ ಊರು. ಆಗ ಹಿಡಿದ ಮೀನು ಬಹುಮಟ್ಟಿಗೆ ಬುಟ್ಟಿ ಸೇರುತ್ತಿತ್ತು. ಹಿಡಿದದ್ದನ್ನು ಬಿಡುವ ಪದ್ಧತಿ ಬಂದ ಮೇಲೆ ಈ ರಜೆಯ ಅಗತ್ಯವೇನೆಂಬ ಪ್ರಶ್ನೆ ಎದ್ದಿತು. 1995ರಲ್ಲಿ ಬಹುಪಾಲು ಕೆರೆಗಳಿಗೆ, 2000ದಲ್ಲಿ ಬಹುಪಾಲು ಕಾಲುವೆಗಳಿಗೆ ಅದನ್ನು ತೆಗೆದುಹಾಕಿದರು. ವಿಶೇಷ ನಿಸರ್ಗ ತಾಣಗಳೆಂದು ಗುರುತಿಸಿದ ಕೆಲವು ನೀರುಗಳಲ್ಲಿ ಉಳಿಸಿದರು. ನದಿಗಳ ಬಗ್ಗೆ ಸರ್ಕಾರದ ಪರಿಸರ ಸಂಸ್ಥೆ 2019ರಲ್ಲಿ ಸಾರ್ವಜನಿಕರ ಅಭಿಪ್ರಾಯ ಕೇಳಿ, ರಜೆಯನ್ನು ಹಾಗೆಯೇ ಮುಂದುವರಿಸಿತು. ಒಂದೆಡೆ ಮೀನು ಮೊಟ್ಟೆಯಿಡಲಿ ಬಿಡಲಿ ಮೂರು ತಿಂಗಳು ಪೂರ್ತಿ ಬಾಗಿಲು ಮುಚ್ಚಿದೆ. ಇನ್ನೊಂದೆಡೆ, ಅದೇ ಮೀನಿಗೆ, ಒಂದು ದಿನವೂ ಮುಚ್ಚುವುದಿಲ್ಲ. ನೀರು ಏಪ್ರಿಲಿನಲ್ಲೇ ಕಾದರೂ ಮೇ ಕೊನೆಯವರೆಗೆ ತಣ್ಣಗಿದ್ದರೂ ಎರಡೂ ನಿಯಮಗಳು ಕದಲುವುದಿಲ್ಲ.

ನನ್ನ ವಾದಕ್ಕೆ ಬರುವ ಆಕ್ಷೇಪಗಳಲ್ಲಿ ಗಟ್ಟಿಯಾದದ್ದು ಸಂಖ್ಯೆಯದು. ಒಂದು ಹೆಣ್ಣು ಲಕ್ಷ ಮೊಟ್ಟೆ ಇಡುವಾಗ ಗಾಳಕ್ಕೆ ಸಿಕ್ಕು ಮರಳಿ ನೀರು ಸೇರಿದ ಕೆಲವು ಮೀನುಗಳಿಂದ ಏನಾದೀತು? ಸ್ಕಾಟ್ಲೆಂಡಿನಲ್ಲಿ ರೋಚ್‌ಗೆ ಇಂಥ ರಜೆಯೇ ಇಲ್ಲ, ಅಲ್ಲಿ ರೋಚ್ ಅಳಿದಿಲ್ಲ. ಇದು ನಿಜ, ರೋಚ್ ಸಂತತಿ ಗಾಳದಿಂದ ನಾಶವಾಗುತ್ತದೆಂದು ಹೇಳಿದರೆ ಅದು ಸುಳ್ಳಾಗುತ್ತದೆ. ನನ್ನ ಮಾತು ದೊಡ್ಡ ಹೆಣ್ಣುಗಳ ಬಗ್ಗೆ. ಅರ್ಧ ಕಿಲೋ ತೂಗುವ ಹೊತ್ತಿಗೆ ರೋಚ್‌ಗೆ ಹತ್ತು ವರ್ಷದ ಆಸುಪಾಸು. ಎರಡು ಲಾಕ್‌ಗಳ ನಡುವಿನ ನೀರಿನಲ್ಲಿ ಅಂಥವು ಹೆಚ್ಚಿಲ್ಲ, ಅತ್ತಿತ್ತ ಹೋಗಲು ಸುಲಭದ ದಾರಿಯೂ ಇಲ್ಲ. ಒಣ ಕೈಯಲ್ಲಿ ಹಿಡಿದಾಗ, ಜಾಲರಿ ಚೀಲದಲ್ಲಿ ಗಂಟೆಗಟ್ಟಲೆ ಇಟ್ಟಾಗ ಮೈಯ ಲೋಳೆ ಒರೆಸಿಹೋಗಿ ಹುರುಪೆ ಕಳಚುತ್ತದೆ. ಮೊಟ್ಟೆಯಿಟ್ಟು ದಣಿದ, ಬೇರುಗಳಿಗೆ ಉಜ್ಜಿ ಗಾಯಗೊಂಡ ಮೀನಿಗೆ ಬೂಷ್ಟು ಹಿಡಿಯಲು ಇಷ್ಟು ಸಾಕು. ಸಣ್ಣ ಮೀನು ಸಾವಿರ ಸತ್ತರೂ ತುಂಬಿಕೊಳ್ಳುವ ಕಾಲುವೆಗೆ, ಹತ್ತು ವರ್ಷದ ಒಂದು ಹೆಣ್ಣನ್ನು ತುಂಬಿಕೊಳ್ಳಲು ಹತ್ತು ವರ್ಷ ಬೇಕು. ಗಾಳದವರು ಹಂಬಲಿಸುವುದೂ ಅದೇ ಮೀನಿಗೆ.

ದೋಣಿಗಳು ಮಾಡುವ ಹಾನಿಯ ಮುಂದೆ ಗಾಳ ಯಾವ ಲೆಕ್ಕ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ತೂಕವಿದೆ. ವೇಗದ ದೋಣಿಯ ಅಲೆ ಜೊಂಡಿಗೆ ಅಂಟಿದ ಮೊಟ್ಟೆಯನ್ನು ಕೀಳುತ್ತದೆ, ಎದ್ದ ಹೂಳು ಉಳಿದದ್ದರ ಮೇಲೆ ಕೂರುತ್ತದೆ. ಕಾಲುವೆಗಳಲ್ಲಿ ಗಂಟೆಗೆ 4 ಮೈಲಿಯ ಮಿತಿ ಇರುವುದು ದಂಡೆ ಕುಸಿಯದಿರಲೆಂದೂ ಹೌದು. ಮೊಟ್ಟೆಯ ವಾರಗಳಲ್ಲಿ ಅದಕ್ಕಿಂತ ನಿಧಾನ ಹೋಗೆಂದು ಕೇಳುವುದು ತಪ್ಪಲ್ಲ. ಆದರೆ ಹಾಗೆ ಕೇಳುವ ನೈತಿಕ ಬಲ ಬರಬೇಕಾದರೆ ಅದೇ ವಾರಗಳಲ್ಲಿ ಅದೇ ಜೊಂಡಿನ ಅಂಚಿನಲ್ಲಿ ಗಾಳದವರು ಕೂತಿರಬಾರದು. ಕಾಲುವೆ ಮನುಷ್ಯ ತೋಡಿದ ಹಳ್ಳ, ಅಲ್ಲಿನ ನಿಸರ್ಗಕ್ಕೆ ಇಷ್ಟೆಲ್ಲ ಉಪಚಾರ ಏಕೆ ಎಂಬ ಮಾತಂತೂ ನನಗೆ ಒಪ್ಪಿಗೆಯಾಗುವುದಿಲ್ಲ. ನಮ್ಮ ಕೆರೆಗಳನ್ನೂ ಮನುಷ್ಯರೇ ಕಟ್ಟಿದ್ದು. ಇನ್ನೂರು ವರ್ಷ ತಲೆಮಾರಿನಿಂದ ತಲೆಮಾರಿಗೆ ಬಾಳಿದ ಮೀನಿಗೆ ಆ ನೀರು ಅದರದೇ.

ಕಾನೂನಿಗೆ ತಾರೀಕು ಬೇಕೇ ಬೇಕು, ಉಷ್ಣಾಂಶ ಹಿಡಿದು ದಂಡ ಹಾಕಲಾಗದು ಎಂಬ ಆಕ್ಷೇಪ ಸರ್ಕಾರದ ದೃಷ್ಟಿಯಿಂದ ಸರಿ. ಕರ್ನಾಟಕದ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿರುವುದು ಈ ಕಾರಣಕ್ಕೇ. ಬಂದರಿನಲ್ಲಿ ನಿಂತು ದೋಣಿ ಎಣಿಸಬಹುದು. ಆದರೆ ತಾರೀಕು ಮುಟ್ಟಲಾರದ ಜಾಗಗಳೂ ನಮ್ಮಲ್ಲೇ ಇವೆ. ಮಲೆನಾಡಿನಲ್ಲಿ ಮುಂಗಾರಿನ ಮೊದಲ ಜೋರು ಮಳೆಗೆ ಹೊಳೆಯಿಂದ ಗದ್ದೆಗೆ ಏರುವ ಹತ್ತುಮೀನು ಯಾವ ದಿನಕ್ಕೂ ಕಾಯುವುದಿಲ್ಲ. ಮಳೆ ಬಂದ ರಾತ್ರಿಯೇ ಏರುತ್ತದೆ, ಮೊಟ್ಟೆ ಹೊತ್ತ ಹೊಟ್ಟೆಯಲ್ಲೇ ಕತ್ತಿಗೆ ಸಿಗುತ್ತದೆ. ಅಲ್ಲಿ ಉಳಿಸಬಲ್ಲವರು ಮಳೆಯನ್ನೂ ಹೊಳೆಯನ್ನೂ ಬಲ್ಲ ಊರಿನವರೇ. ಇಂಗ್ಲೆಂಡಿನ ಕಾಲುವೆಗಳಲ್ಲಿ ಆ ಸ್ಥಾನ ಗಾಳದವರ ಕ್ಲಬ್ಬುಗಳದು. ಹದಿಮೂರು ತುಂಬಿದವರೆಲ್ಲ ಸರ್ಕಾರದ ಪರವಾನಗಿ ಪಡೆಯಬೇಕು. ಅದರ ಮೇಲೆ, ದಂಡೆಯ ಹಕ್ಕನ್ನು ಗುತ್ತಿಗೆ ಹಿಡಿದ ಕ್ಲಬ್ಬಿನ ಚೀಟಿಯೂ ಬೇಕಾಗುತ್ತದೆ. ಆ ಚೀಟಿಯಲ್ಲಿ ಯಾವ ಎರೆ ಹಾಕಬಾರದು, ಎಲ್ಲಿ ಕೂರಬಾರದು ಎಂಬ ನಿಯಮಗಳು ಈಗಲೂ ಇರುತ್ತವೆ. ಪಾರ್ಲಿಮೆಂಟಿನ ಕಾಯ್ದೆಗೆ ಆಗದ ಸೂಕ್ಷ್ಮ ಕೆಲಸ ಈ ಚೀಟಿಗೆ ಆಗುತ್ತದೆ.

ಹಾಗೆ ಮಾಡಲು ಬೇಕಾದದ್ದು ಅಗ್ಗದ ಒಂದು ತಾಪಮಾಪಕ, ಪ್ರತಿ ಭಾಗಕ್ಕೆ ಹೊಣೆ ಹೊತ್ತ ಒಬ್ಬ ಸದಸ್ಯ. ಮಾರ್ಚ್ ಮಧ್ಯದಿಂದ ದಿನವೂ ಬೆಳಗಿನ ಹೊತ್ತು, ನೆರಳಿರುವ ಒಂದೇ ಜಾಗದಲ್ಲಿ, ಮೊಣಕೈ ಆಳದ ನೀರಿನ ಉಷ್ಣಾಂಶ ಬರೆದಿಡಲಿ. ಮಧ್ಯಾಹ್ನದ ಬಿಸಿಲಿನ ಅಂಕಿ ಮೋಸ ಮಾಡುತ್ತದೆ. 12 ಡಿಗ್ರಿಯ ಕೆಳಗಿರುವವರೆಗೆ ಮೀನು ಹಿಡಿಯಲು ಅಡ್ಡಿಯಿಲ್ಲ, ಬೆಚ್ಚನೆಯ ಮಳೆಯ ಸುಗ್ಗಿಯನ್ನು ಮನಸಾರೆ ಅನುಭವಿಸಲಿ. ಮೂರು ದಿನ ಎಡೆಬಿಡದೆ 12 ದಾಟಿತೆಂದರೆ ಜೊಂಡು, ವಿಲ್ಲೋ ಬೇರು, ನಿಂತ ದೋಣಿಗಳ ಬದಿಯನ್ನು ಬಿಟ್ಟು ನಡುವಿನ ಆಳಕ್ಕೆ ಮಾತ್ರ ಗಾಳ ಇಳಿಸಲಿ, ಜಾಲರಿ ಚೀಲ ಮನೆಯಲ್ಲಿರಲಿ. ಗಾಳಕ್ಕೆ ಬಂದ ಗಂಡಿನ ಮೈ ಒರಟಾಗಿದ್ದರೆ, ದಂಡೆಯಲ್ಲಿ ಮೀನುಗಳ ಬಡಿದಾಟ ಕಂಡರೆ, ಆ ಭಾಗದಲ್ಲಿ ಎರಡು ವಾರ ಕೋಲು ಮಡಚಲಿ. ಮೂರು ತಿಂಗಳ ರಜೆಗೆ ಹೋಲಿಸಿದರೆ ಇದು ಚಿಕ್ಕ ತ್ಯಾಗ, ಮತ್ತು ಲಾಕ್‌ನಿಂದ ಲಾಕ್‌ಗೆ ದಿನಗಳು ಬೇರೆಯಾಗುವುದರಿಂದ ಒಂದು ಭಾಗ ಮುಚ್ಚಿದಾಗ ಇನ್ನೊಂದು ತೆರೆದಿರಬಹುದು. ಕ್ಲಬ್ಬಿನ ಆದಾಯವೂ ನಿಲ್ಲುವುದಿಲ್ಲ, ಸ್ಪರ್ಧೆಗಳನ್ನು ಜಾಗ ಬದಲಿಸಿ ನಡೆಸಬಹುದು. ಇಂಥ ದಿನಚರಿ ನಾಲ್ಕೈದು ವರ್ಷ ಕೂಡಿದರೆ, ಯಾವ ಕಾಲುವೆಯಲ್ಲಿ ರೋಚ್ ಎಂದು ಮೊಟ್ಟೆಯಿಡುತ್ತದೆ, ಬೆಚ್ಚನೆಯ ವಸಂತಗಳಲ್ಲಿ ಆ ದಿನ ಎಷ್ಟು ಬೇಗ ಬರುತ್ತಿದೆ ಎಂಬುದಕ್ಕೆ ದಂಡೆಯಲ್ಲೇ ಬರೆದ ಲೆಕ್ಕ ಸಿಗುತ್ತದೆ. ನದಿಗಳ ರಜೆಯ ಬಗ್ಗೆ ಪರಿಸರ ಸಂಸ್ಥೆ ಮತ್ತೊಮ್ಮೆ ಅಭಿಪ್ರಾಯ ಕೇಳಿದಾಗ ಗಾಳದವರು ಆ ಪುಸ್ತಕವನ್ನೇ ಮುಂದಿಡಬಹುದು.